ಕಡತದಲ್ಲಿ ಕಾಣೆಯಾದ ಹೊಸನಗರ

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ತಾಲ್ಲೂಕನ್ನು ಹಾದು ಸಾಗರಕ್ಕೆ ಬರುವ ಅದರ ನೀರು ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ಹರಡಿ ನಿಂತಿದೆ. ಆ ಹಿನ್ನೀರಿನ ದಡದಲ್ಲಿರುವ ಹೊಳೆಬಾಗಿಲಿನಲ್ಲಿ, 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ, ಸಿಗಂದೂರಿಗೆ ಹೋಗುವವರು ಲಾಂಚ್ ಹತ್ತುತ್ತಿದ್ದರು. ಈ ಮೂರು ತಾಲ್ಲೂಕುಗಳ ಶಾಲೆಗಳು ದಿನದ ಮಳೆಯನ್ನು ಅಳೆದು ಒಂದೇ ಪಠ್ಯ ಕಡತಕ್ಕೆ ಸೇರಿಸುತ್ತವೆ ಎಂದಿಟ್ಟುಕೊಳ್ಳಿ. ಪ್ರತಿ ಸಾಲಿನಲ್ಲಿ ದಿನಾಂಕ, ಊರು, ತಾಲ್ಲೂಕು, ಮಿಲಿಮೀಟರುಗಳಲ್ಲಿ ಮಳೆ, ನಡುನಡುವೆ ಅಲ್ಪವಿರಾಮ. ಇದರಿಂದ ಹೊಸನಗರದ ಸಾಲುಗಳನ್ನಷ್ಟೇ ಸೋಸಿ ತೆಗೆಯಬೇಕು.

ಪೈಥಾನ್ ಭಾಷೆಯಲ್ಲಿ ಇದು ನಾಲ್ಕೈದು ಸಾಲುಗಳ ಕೆಲಸ. 'ಓಪನ್' ಆದೇಶದಿಂದ ಕಡತ ತೆರೆಯುವಾಗಲೇ ಅದು ಯುಟಿಎಫ್-8 ಸಂಕೇತದಲ್ಲಿದೆ ಎಂದು ತಿಳಿಸಿ. 'ಫಾರ್' ಆವರ್ತನೆಯು ಸಾಲುಗಳನ್ನು ಒಂದೊಂದಾಗಿ ಕೊಡುತ್ತದೆ. ಇಡೀ ಕಡತವನ್ನು ಮೆಮೊರಿಗೆ ತುಂಬಬೇಕಿಲ್ಲ. 'ಸ್ಪ್ಲಿಟ್' ಸಾಲನ್ನು ಅಲ್ಪವಿರಾಮ ಇದ್ದಲ್ಲಿ ತುಂಡರಿಸುತ್ತದೆ. 'ಸ್ಟ್ರಿಪ್' ತುಂಡಿನ ಎರಡೂ ಅಂಚಿನ ಖಾಲಿ ಜಾಗವನ್ನು ಕಳೆಯುತ್ತದೆ. ಮೂರನೆಯ ತುಂಡು 'ಹೊಸನಗರ' ಆಗಿದ್ದರೆ ಸಾಲನ್ನು ಇಟ್ಟುಕೊಳ್ಳಿ. ಅಷ್ಟೆ.

ಆದರೆ ಎಣಿಸಿ ನೋಡಿದರೆ ಸಾಲುಗಳು ಕಡಿಮೆ! ತೆರೆಯ ಮೇಲೆ ಸರಿಯಾಗಿಯೇ ಕಾಣುವ ಎಷ್ಟೋ 'ಹೊಸನಗರ' ಸೋರಿಹೋಗಿವೆ. ದೋಷ ಸೂಚನೆಯೂ ಇಲ್ಲ. ತಾಲ್ಲೂಕಿನ ಮಳೆಯ ಮೊತ್ತ ಸದ್ದಿಲ್ಲದೆ ತಪ್ಪಾಗಿರುತ್ತದೆ.

ಕಾರಣ ಮೊದಲ ಅಕ್ಷರದಲ್ಲಿದೆ. ಯೂನಿಕೋಡ್‌ನಲ್ಲಿ 'ಹೊ' ಬರೆಯಲು ಎರಡು ದಾರಿಗಳುಂಟು. 'ಹ'ಕಾರದ ಮುಂದೆ ಒಕಾರದ ಒಂದೇ ಚಿಹ್ನೆ (ಸಂಖ್ಯೆ 3274) ಇಡಬಹುದು. ಇಲ್ಲವೇ ಎಕಾರದ ಚಿಹ್ನೆ (3270), ಅದರ ಬೆನ್ನಿಗೆ ಊಕಾರದ ಚಿಹ್ನೆ (3266) ಇಡಬಹುದು. ಹಳೆಯ ಫಾಂಟುಗಳ ಬರಹವನ್ನು ತುಣುಕು ತುಣುಕಾಗಿ ಬದಲಿಸುವ ತಂತ್ರಾಂಶಗಳಿಂದ ಎರಡನೆಯ ರೂಪ ಬರುವುದುಂಟು. ಕಣ್ಣಿಗೆ ಎರಡೂ ಒಂದೇ. 'ಲೆನ್' ಆದೇಶ ಕೊಟ್ಟು ಉದ್ದ ಕೇಳಿದರೆ ಮೊದಲನೆಯದು 6, ಎರಡನೆಯದು 7! ತೀರ್ಥಹಳ್ಳಿಗೂ ಇದೇ ತೊಂದರೆ. 'ತೀ' ಎಂಬುದರ ಗುಡಿಸು ಮತ್ತು ದೀರ್ಘ ಬೇರೆಯಾಗಬಲ್ಲವು. ಸಾಗರದ 'ಸಾ' ಹೀಗೆ ಒಡೆಯುವುದಿಲ್ಲ. ಹಾಗಾಗಿ ಸಾಗರದವರು ಸೋಸಿ ನೋಡಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಪರಿಹಾರ ಸುಲಭ. 'ಯೂನಿಕೋಡ್‌ಡೇಟಾ' ಭಂಡಾರದ 'ನಾರ್ಮಲೈಸ್' ಎಂಬುದಕ್ಕೆ 'ಎನ್‌ಎಫ್‌ಸಿ' ಎಂದು ತಿಳಿಸಿದರೆ ಎರಡೂ ರೂಪಗಳು ಒಂದಾಗುತ್ತವೆ. ಕಡತದ ತುಂಡಿಗೂ ನಾವು ಹುಡುಕುವ ಪದಕ್ಕೂ ಹೋಲಿಕೆಗೆ ಮುನ್ನ ಇದನ್ನು ಮಾಡಬೇಕು.

ಮಳೆಯ ತುಂಡು ಕೂಡ ಕಡತದಿಂದ ಬರುವಾಗ ಅಕ್ಷರಗಳ ಸರಣಿಯೇ. ಹಾಗೆಯೇ ಹೋಲಿಸಿದರೆ 112ಕ್ಕಿಂತ 98 ದೊಡ್ಡದಾಗುತ್ತದೆ, ಏಕೆಂದರೆ 1ಕ್ಕಿಂತ 9 ಮುಂದಿನದು. 'ಫ್ಲೋಟ್' ಮೂಲಕ ಸಂಖ್ಯೆಯಾಗಿಸಿ. ಅದು ಕನ್ನಡ ಅಂಕಿಗಳ '೧೧೨' ಅನ್ನೂ ಓದಬಲ್ಲದು, ಪ್ರಯೋಗ ಮಾಡಿ ನೋಡಿ. ಅಳತೆ ತಪ್ಪಿದ ದಿನ ಬರೆದ '-' ಗುರುತಿಗೆ ಮಾತ್ರ ದೋಷ ತೋರಿಸಿ ನಿಲ್ಲುತ್ತದೆ. ಅಲ್ಲಿ 0 ತುಂಬಬೇಡಿ. ಆಷಾಢದಲ್ಲಿ ಹೊಸನಗರಕ್ಕೆ ಮಳೆಯೇ ಬರಲಿಲ್ಲ ಎಂದಂತಾಗುತ್ತದೆ. ಅಂಥ ಸಾಲುಗಳನ್ನು ಇನ್ನೊಂದು ಕಡತಕ್ಕೆ ಬರೆದಿಟ್ಟು ಆಯಾ ಶಾಲೆಯನ್ನು ಕೇಳಿ.