ಅರಣ್ಯದ ದಾರಿಗಳಲ್ಲಿ ಜೀಪು ಮತ್ತು ಮೋಟಾರ್ ಸೈಕಲ್ ಸಂಚಾರ: ಅರ್ಜಿದಾರರಿಗೆ ಮಾಹಿತಿ

ಕೊಡಗು, ಹಾಸನ, ಚಿಕ್ಕಮಗಳೂರು ಹಾಗೂ ಶಿವಮೊಗ್ಗ ಜಿಲ್ಲೆಗಳ ಘಟ್ಟ ಪ್ರದೇಶದಲ್ಲಿ ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ಜೀಪುಗಳನ್ನೂ ಮೋಟಾರ್ ಸೈಕಲ್ಲುಗಳನ್ನೂ ಕಚ್ಚಾ ದಾರಿಗಳಲ್ಲಿ ಓಡಿಸುವ ಹವ್ಯಾಸವು ಬೆಳೆದಿದೆ. ಇಂತಹ ದಾರಿಗಳಲ್ಲಿ ಹಲವು ಅರಣ್ಯ ಪ್ರದೇಶದೊಳಗೆ ಬರುತ್ತವೆ. ಅಲ್ಲಿ ಯಾವ ಸಂದರ್ಭದಲ್ಲಿ ಅನುಮತಿ ಅವಶ್ಯಕ, ಅನುಮತಿಯಿಲ್ಲದೆ ಪ್ರವೇಶಿಸಿದಲ್ಲಿ ಆಗುವ ಪರಿಣಾಮಗಳೇನು ಎಂಬುದನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ದಾರಿ ಇದ್ದ ಮಾತ್ರಕ್ಕೆ ಸಾರ್ವಜನಿಕ ರಸ್ತೆಯಲ್ಲ

ಕಾಡಿನೊಳಗೆ ಕಾಣುವ ದಾರಿಗಳು ಬೇರೆ ಬೇರೆ ಉದ್ದೇಶಗಳಿಗೆ ನಿರ್ಮಾಣಗೊಂಡವು. ಹಿಂದೆ ಮರ ಸಾಗಿಸಲು ಮಾಡಿದ ಕೂಪು ರಸ್ತೆಗಳು, ಗಸ್ತು ತಿರುಗುವ ಸಿಬ್ಬಂದಿಯ ಜೀಪುದಾರಿಗಳು, ಕಾಳ್ಗಿಚ್ಚು ಹರಡದಂತೆ ಬೇಸಿಗೆಗೆ ಮುನ್ನ ಸವರಿಡುವ ಬೆಂಕಿ ರೇಖೆಗಳು, ಕಾಡಂಚಿನ ಊರಿನವರು ತಲೆಮಾರುಗಳಿಂದ ಬಳಸುತ್ತ ಬಂದ ಕಾಲುದಾರಿಗಳು ಇವುಗಳಲ್ಲಿ ಸೇರಿವೆ. ಮೊಬೈಲ್ ದೂರವಾಣಿಯ ನಕಾಶೆಯಲ್ಲಿ ಇವೆಲ್ಲವೂ ಒಂದೇ ಬಗೆಯ ಗೆರೆಗಳಾಗಿ ಕಾಣುತ್ತವೆ. ನಕಾಶೆಯ ಗೆರೆಯು ಸಂಚಾರದ ಹಕ್ಕನ್ನು ನೀಡುವುದಿಲ್ಲ.

ಕರ್ನಾಟಕ ಅರಣ್ಯ ಅಧಿನಿಯಮ, 1963ರ ಅನ್ವಯ ಒಂದು ಪ್ರದೇಶವನ್ನು ಮೀಸಲು ಅರಣ್ಯವೆಂದು ಘೋಷಿಸುವ ಮೊದಲು 4ನೇ ಪ್ರಕರಣದ ಅಧಿಸೂಚನೆ ಹೊರಡಿಸಿ, ಅಲ್ಲಿನ ನಿವಾಸಿಗಳ ಹಕ್ಕುಗಳನ್ನು ವಿಚಾರಣೆ ಮಾಡಿ, ಕೊನೆಗೆ 17ನೇ ಪ್ರಕರಣದ ಅಂತಿಮ ಅಧಿಸೂಚನೆ ಹೊರಡಿಸಲಾಗುತ್ತದೆ. ದಾರಿಯ ಹಕ್ಕು ಈ ವಿಚಾರಣೆಯಲ್ಲಿ ಪರಿಶೀಲನೆಯಾಗುವ ವಿಷಯಗಳಲ್ಲೊಂದು. ಹೀಗಾಗಿ ಒಂದು ಹಾಡಿಯ ಅಥವಾ ಗ್ರಾಮದ ಜನರಿಗೆ ಮಾನ್ಯವಾದ ದಾರಿಯ ಹಕ್ಕು ಹೊರಗಿನಿಂದ ಬಂದ ಪ್ರವಾಸಿಗೆ ತಾನಾಗಿಯೇ ದೊರೆಯುವುದಿಲ್ಲ. "ಊರಿನವರ ಜೀಪು ಹೋಗುತ್ತದೆ, ನಮ್ಮದೇಕೆ ಹೋಗಬಾರದು" ಎಂಬ ಪ್ರಶ್ನೆಗೆ ಉತ್ತರವು ಇಲ್ಲಿದೆ. ಮೀಸಲು ಅರಣ್ಯದಲ್ಲಿ ಅತಿಕ್ರಮ ಪ್ರವೇಶವು ಇದೇ ಅಧಿನಿಯಮದ 24ನೇ ಪ್ರಕರಣದಡಿ ನಿಷಿದ್ಧ.

ವನ್ಯಜೀವಿಧಾಮ ಮತ್ತು ರಾಷ್ಟ್ರೀಯ ಉದ್ಯಾನಗಳಲ್ಲಿ

ಇಲ್ಲಿ ಕಾನೂನು ಇನ್ನಷ್ಟು ಬಿಗಿಯಾಗಿದೆ. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 27ನೇ ಪ್ರಕರಣದಂತೆ, ಕರ್ತವ್ಯನಿರತ ಸರ್ಕಾರಿ ನೌಕರರು, ಒಳಗೆ ವಾಸಿಸಲು ಅನುಮತಿ ಪಡೆದವರು, ಒಳಗೆ ಸ್ಥಿರಾಸ್ತಿಯ ಹಕ್ಕುಳ್ಳವರು, ಇವರ ಅವಲಂಬಿತರು ಹಾಗೂ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರನ್ನು ಬಿಟ್ಟು ಉಳಿದವರು ಪರವಾನಗಿಯಿಲ್ಲದೆ ವನ್ಯಜೀವಿಧಾಮವನ್ನು ಪ್ರವೇಶಿಸತಕ್ಕದ್ದಲ್ಲ. 35ನೇ ಪ್ರಕರಣದ ಮೂಲಕ ಈ ನಿಯಮವು ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಹೆದ್ದಾರಿಯ ವಿನಾಯಿತಿಯು ಹೆದ್ದಾರಿಗೆ ಮಾತ್ರ ಸೀಮಿತ. ಡಾಂಬರು ಬಿಟ್ಟು ಪಕ್ಕದ ಮಣ್ಣಿನ ದಾರಿಗೆ ಚಕ್ರ ಇಳಿಸಿದೊಡನೆ ಆ ರಕ್ಷಣೆ ಕೊನೆಗೊಳ್ಳುತ್ತದೆ.

2022ರ ತಿದ್ದುಪಡಿಯ ನಂತರ, ಈ ಅಧಿನಿಯಮದ ಸಾಮಾನ್ಯ ಉಲ್ಲಂಘನೆಗಳಿಗೆ ಮೂರು ವರ್ಷಗಳವರೆಗೆ ಕಾರಾವಾಸ, ಅಥವಾ ರೂ. 1 ಲಕ್ಷದವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಹಿಂದೆ ದಂಡದ ಮಿತಿ ರೂ. 25,000 ಇತ್ತು. ಅಲ್ಲದೆ, 'ಬೇಟೆ' ಎಂಬ ಪದದ ಕಾನೂನಿನ ಅರ್ಥದಲ್ಲಿ ಕಾಡುಪ್ರಾಣಿಯನ್ನು ಬೆನ್ನಟ್ಟುವುದು, ಓಡಿಸುವುದು ಮತ್ತು ಅದಕ್ಕಾಗಿ ಮಾಡುವ ಪ್ರಯತ್ನ ಕೂಡ ಸೇರಿವೆ. ಛಾಯಾಚಿತ್ರಕ್ಕಾಗಿ ಕಾಟಿಯ ಹಿಂಡನ್ನು ಜೀಪಿನಲ್ಲಿ ಅಟ್ಟಿಸಿಕೊಂಡು ಹೋಗುವವರು ಬಂದೂಕು ಹಿಡಿದಿಲ್ಲವೆಂಬ ಕಾರಣಕ್ಕೆ ನಿಶ್ಚಿಂತರಾಗಿರುವಂತಿಲ್ಲ. ವನ್ಯಜೀವಿಧಾಮ ಅಥವಾ ರಾಷ್ಟ್ರೀಯ ಉದ್ಯಾನದೊಳಗಿನ ಬೇಟೆಗೆ ಮೂರು ವರ್ಷಗಳಿಗೆ ಕಡಿಮೆಯಿಲ್ಲದ, ಏಳು ವರ್ಷಗಳವರೆಗಿನ ಕಾರಾವಾಸವಿದೆ.

ಅಪರಾಧಕ್ಕೆ ಬಳಸಲಾದ ವಾಹನವನ್ನು ವಶಪಡಿಸಿಕೊಳ್ಳಬಹುದಾಗಿದೆ. 39ನೇ ಪ್ರಕರಣದಡಿ ಅದು ಸರ್ಕಾರದ ಸ್ವತ್ತಾಗಲೂಬಹುದು. ಕೇವಲ ವಶಪಡಿಸಿಕೊಂಡ ಮಾತ್ರಕ್ಕೆ ವಾಹನವು ಸರ್ಕಾರದ್ದಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಸ್ಪಷ್ಟಪಡಿಸಿದ್ದು, ಮಧ್ಯಂತರ ಬಿಡುಗಡೆಗಾಗಿ ಮಾಲೀಕರು ನ್ಯಾಯಾಲಯವನ್ನು ಕೋರಬಹುದು. ವಾಹನವನ್ನು ಸ್ನೇಹಿತರಿಗೆ ಎರವಲು ಕೊಡುವವರೂ ಇದನ್ನು ಗಮನಿಸುವುದು ಒಳಿತು.

ನಿರ್ಬಂಧದ ಕಾರಣ

ಘಟ್ಟದ ಮೇಲಿನ ಹುಲ್ಲುಗಾವಲುಗಳನ್ನು ಬರಿಯ ಬಯಲೆಂದು ಭಾವಿಸುವವರು ಹಲವರು. ವಾಸ್ತವವಾಗಿ ಈ ಹುಲ್ಲುಗಾವಲು ಮತ್ತು ಕಣಿವೆಯ ಶೋಲಾ ಕಾಡು ಒಟ್ಟಾಗಿ ಮುಂಗಾರಿನ ಮಳೆಯನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ತೊರೆಗಳಿಗೆ ನಿಧಾನವಾಗಿ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಕುದುರೆಮುಖದ ಶ್ರೇಣಿಯು ಇದಕ್ಕೆ ಉತ್ತಮ ನಿದರ್ಶನ.

ಇಳಿಜಾರಿನಲ್ಲಿ ಭಾರವಾದ ವಾಹನವು ಕೆಲವೇ ಬಾರಿ ಹಾದರೂ ಹುಲ್ಲಿನ ಬೇರು ಕಿತ್ತು, ಮಣ್ಣು ಅದುಮಿ, ನೀರು ಇಂಗದಂತಾಗುತ್ತದೆ. ಚಕ್ರದ ಜಾಡು ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಕಾಲುವೆ ಆಳವಾಗಿ ಕೊರಕಲಾಗುತ್ತದೆ. ಕೊರಕಲನ್ನು ತಪ್ಪಿಸಲು ಮುಂದಿನ ಚಾಲಕರು ಪಕ್ಕದ ಹುಲ್ಲಿನ ಮೇಲೆ ಓಡಿಸುತ್ತಾರೆ. ಹೀಗೆ ಒಂದು ಜಾಡು ಕೆಲವು ವರ್ಷಗಳಲ್ಲಿ ಹಲವು ಜಾಡುಗಳಾಗಿ, ಗುಡ್ಡದ ಮೈಯೇ ಕಿತ್ತುಬರುತ್ತದೆ. ಕೆಸರಿನಲ್ಲಿ ಓಡಿಸುವ ಸಂತೋಷಕ್ಕಾಗಿಯೇ ಮಳೆಗಾಲವನ್ನು ಆಯ್ದುಕೊಳ್ಳುವವರಿದ್ದಾರೆ. ನೆಲಕ್ಕೆ ಅತಿ ಹೆಚ್ಚು ಹಾನಿಯಾಗುವುದೂ ಆಗಲೇ. ಜಾಡಿನಲ್ಲಿ ನಿಂತ ನೀರಿನಲ್ಲಿ ಕಪ್ಪೆಗಳು ಮೊಟ್ಟೆಯಿಡುತ್ತವೆ, ಮರುದಿನದ ವಾಹನವು ಅವನ್ನು ಅರೆಯುತ್ತದೆ. ಚಕ್ರಕ್ಕೆ ಮೆತ್ತಿದ ಮಣ್ಣಿನೊಡನೆ ಪಾರ್ಥೇನಿಯಂ ಮುಂತಾದ ಕಳೆಗಳ ಬೀಜವೂ ಕಾಡು ಸೇರುತ್ತದೆ. ಬೇಸಿಗೆಯಲ್ಲಿ ಕಾದ ಹೊಗೆಕೊಳವೆ ಒಣಹುಲ್ಲಿಗೆ ತಗುಲಿ ಬೆಂಕಿ ಹೊತ್ತುವ ಅಪಾಯವಿದೆ.

ಆನೆಗಳಿರುವ ಕಾಡಿನಲ್ಲಿ ಕಿರಿದಾದ ದಾರಿಯ ತಿರುವಿನಲ್ಲಿ ವಾಹನವನ್ನು ಹಿಂದಿರುಗಿಸಲು ಸ್ಥಳವಿರುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವಾಹನಕ್ಕೆ ಸಂಬಂಧಿಸಿದಂತೆ

ಮೋಟಾರು ವಾಹನಗಳ ಅಧಿನಿಯಮ, 1988ರಂತೆ ಸಾರ್ವಜನಿಕ ಸ್ಥಳದಲ್ಲಿ ಓಡಿಸುವ ವಾಹನಕ್ಕೆ ನೋಂದಣಿ ಹಾಗೂ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. 52ನೇ ಪ್ರಕರಣದಂತೆ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಅರಣ್ಯ ಪ್ರವೇಶದ ಅನುಮತಿಯು ಈ ನಿಯಮಗಳಿಂದ ವಿನಾಯಿತಿ ನೀಡುವುದಿಲ್ಲ.

ಅರ್ಜಿ ಸಲ್ಲಿಸುವವರಿಗೆ

ಮೊದಲಿಗೆ, ಹೋಗಬೇಕೆಂದಿರುವ ದಾರಿಯು ಯಾವ ಬಗೆಯ ಭೂಮಿಯಲ್ಲಿದೆ ಎಂಬುದನ್ನು ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಕಂದಾಯ ಭೂಮಿ, ಖಾಸಗಿ ತೋಟ, ಮೀಸಲು ಅರಣ್ಯ ಮೂರೂ ಒಂದೇ ದಾರಿಯಲ್ಲಿ ಬರುವುದುಂಟು. ತೋಟದ ಮಾಲೀಕರ ಒಪ್ಪಿಗೆಯು ತೋಟದ ಬೇಲಿಯವರೆಗೆ ಮಾತ್ರ ಸಲ್ಲುತ್ತದೆ. ಅರಣ್ಯದ ಅಧಿಸೂಚನೆಯ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದು.

ವನ್ಯಜೀವಿಧಾಮ ಹಾಗೂ ರಾಷ್ಟ್ರೀಯ ಉದ್ಯಾನಗಳಿಗೆ 28ನೇ ಪ್ರಕರಣದ ಪರವಾನಗಿಯನ್ನು ಮುಖ್ಯ ವನ್ಯಜೀವಿ ಪರಿಪಾಲಕರು ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗಿನ ನಿವಾಸಿಗಳೊಡನೆ ಕಾನೂನುಬದ್ಧ ವ್ಯವಹಾರ ಇಂತಹ ಉದ್ದೇಶಗಳಿಗೆ ಷರತ್ತು ಮತ್ತು ಶುಲ್ಕಕ್ಕೆ ಒಳಪಟ್ಟು ನೀಡಬಹುದಾಗಿದೆ. ಪ್ರವಾಸಕ್ಕೆ ಅವಕಾಶವಿದೆಯೆಂದರೆ ಸ್ವಂತ ವಾಹನವನ್ನು ಬೇಕಾದ ದಾರಿಯಲ್ಲಿ ಓಡಿಸುವ ಅವಕಾಶವಿದೆಯೆಂದು ಅರ್ಥವಲ್ಲ. ಅರ್ಜಿಯಲ್ಲಿ ದಿನಾಂಕ, ಒಳಹೋಗುವ ಮತ್ತು ಹೊರಬರುವ ಸ್ಥಳ, ವಾಹನಗಳ ನೋಂದಣಿ ಸಂಖ್ಯೆ, ಜನರ ಸಂಖ್ಯೆ ಹಾಗೂ ಉದ್ದೇಶವನ್ನು ಸ್ಪಷ್ಟವಾಗಿ ನಮೂದಿಸಿದಲ್ಲಿ ಪರಿಶೀಲನೆ ಸುಲಭವಾಗುತ್ತದೆ.

ವಾಹನ ಚಾಲನೆಗಿಂತ ಗುಡ್ಡದ ನೋಟವೇ ಮುಖ್ಯವೆನ್ನುವವರಿಗೆ ಕೊಡಗಿನ ಮಾಂದಲಪಟ್ಟಿಯಂತಹ ಕಡೆ ಸ್ಥಳೀಯ ಚಾಲಕರ ಬಾಡಿಗೆ ಜೀಪುಗಳಿವೆ. ದಾರಿಯ ಪರಿಚಯವಿರುವ ಅವರ ಜೀವನೋಪಾಯಕ್ಕೂ ಇದರಿಂದ ಅನುಕೂಲ.

ಅನುಮತಿ ಪತ್ರದ ಮೂಲ ಪ್ರತಿಯನ್ನು ಪ್ರಯಾಣದಲ್ಲಿ ಜೊತೆಗಿಟ್ಟುಕೊಂಡು, ತನಿಖಾ ಠಾಣೆಯಲ್ಲಿ ಸಿಬ್ಬಂದಿಗೆ ತೋರಿಸತಕ್ಕದ್ದು. ಅಪಘಾತ ಅಥವಾ ಬೆಂಕಿ ಕಂಡುಬಂದಲ್ಲಿ 112ಕ್ಕೆ ಕರೆ ಮಾಡಬಹುದು. ಕಣಿವೆಗಳಲ್ಲಿ ದೂರವಾಣಿ ಸಂಕೇತ ದೊರೆಯದಿರುವುದರಿಂದ, ಹಿಂದಿರುಗುವ ಸಮಯವನ್ನು ಹೊರಡುವ ಮೊದಲೇ ಠಾಣೆಯಲ್ಲಿ ತಿಳಿಸಿರಬೇಕು.