ಗಡಿಯಾರ ನೋಡಿ ಓಡುವ ಕುದುರೆ, ಗುಡ್ಡ ಹತ್ತುವ ಕುದುರೆ

ಕುದುರೆ ವೈದ್ಯನಾದ ನನ್ನ ಕಣ್ಣು ಯಾವ ಕುದುರೆ ಕಂಡರೂ ಮೊದಲು ಹೋಗುವುದು ಅದರ ಮುಂಗಾಲಿನ ಮೇಲೆ. ಆ ಕಾಲು ದಿನಾ ತುಳಿಯುವ ನೆಲವೇ ಅಮೆರಿಕ ಮತ್ತು ಯುರೋಪಿನ ರೇಸ್ ಕುದುರೆಗಳ ತರಬೇತಿಯನ್ನು ಬೇರೆ ಮಾಡಿದೆ.

ಅಮೆರಿಕದಲ್ಲಿ ಬಹುಪಾಲು ಕುದುರೆಗಳ ಲಾಯ ರೇಸ್‌ಕೋರ್ಸ್‌ನಲ್ಲೇ ಇರುತ್ತದೆ. ರೇಸ್ ನಡೆಯುವ ಮಣ್ಣಿನ ಟ್ರ್ಯಾಕಿನಲ್ಲೇ ಬೆಳಗಿನ ಅಭ್ಯಾಸ, ತಿರುವೆಲ್ಲ ಎಡಕ್ಕೇ. ದಿನವೂ ಹಗುರ ಓಟ, ವಾರಕ್ಕೊಮ್ಮೆ ಬಿರುಸಿನ ಓಟ. ಬಿರುಸಿನ ಓಟಕ್ಕೆ ಸ್ಟಾಪ್‌ವಾಚ್ ಹಿಡಿದವರು ಕಾದಿರುತ್ತಾರೆ. ಅರ್ಧ ಮೈಲಿಗೆ 48 ಸೆಕೆಂಡು, ಅಂದರೆ ಫರ್ಲಾಂಗಿಗೆ 12 ಆದರೆ ಒಳ್ಳೆಯ ಓಟ. ಆ ದಿನ ಆ ದೂರವನ್ನು ಎಲ್ಲಕ್ಕಿಂತ ಬೇಗ ಮುಗಿಸಿದ ಕುದುರೆಯ ಸಮಯದ ಪಕ್ಕ ಒಂದು ಕಪ್ಪು ಚುಕ್ಕೆ ಅಚ್ಚಾಗುತ್ತದೆ. ಬಾಜಿ ಕಟ್ಟುವವರು ಹುಡುಕುವುದು ಅದನ್ನೇ.

ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಲಾಯಗಳು ಊರೊಳಗೆ ಹರಡಿಕೊಂಡಿವೆ. ಬೆಳಗಾದರೆ ಕುದುರೆಗಳು ಸಾಲುಗಟ್ಟಿ ರಸ್ತೆ ದಾಟುತ್ತವೆ, ಕಾರುಗಳು ನಿಂತು ದಾರಿ ಬಿಡುತ್ತವೆ. ಆ ನಡಿಗೆಯಲ್ಲೇ ಮೈ ಬಿಸಿಯಾಗಿರುತ್ತದೆ. ಆಮೇಲೆ ವಾರನ್ ಹಿಲ್ ಏರು. ಏರಿನಲ್ಲಿ ಪುಪ್ಪುಸಕ್ಕೂ ಹಿಂಗಾಲಿಗೂ ಕೆಲಸ ಸಿಗುತ್ತದೆ, ಮುಂಗಾಲಿನ ಹೊರೆ ಇಳಿಯುತ್ತದೆ. ವೇಗ ಕಡಿಮೆಯಿದ್ದರೂ ಕಸುವು ಬರುತ್ತದೆ. ಗುಂಪಿನಲ್ಲಿ ತಾಳ್ಮೆಯಿಂದ ಸಾಗಿ ಕೊನೆಯಲ್ಲಿ ಮುನ್ನುಗ್ಗುವುದನ್ನು ಕುದುರೆ ಅಲ್ಲೇ ಕಲಿಯುತ್ತದೆ.

ಅಮೆರಿಕದ ಕುದುರೆಗೆ ಗೇಟು ತೆರೆದ ಕ್ಷಣದಿಂದಲೇ ವೇಗ. ಅದೇ ವೇಗವನ್ನು ವೆಸ್ಲಿ ವಾರ್ಡ್ ಇಂಗ್ಲೆಂಡಿಗೇ ಒಯ್ದರು. 2009ರಲ್ಲಿ ಅಲ್ಲಿನ ರಾಯಲ್ ಆಸ್ಕಟ್ ರೇಸ್ ಕೂಟದಲ್ಲಿ ಗೆದ್ದ ಅವರು, ಅಮೆರಿಕದಲ್ಲಿ ನೆಲೆಸಿ ಹಾಗೆ ಗೆದ್ದ ಮೊದಲ ಟ್ರೈನರ್. 2016ರಲ್ಲಿ ಅವರ ಎರಡು ವರ್ಷದ ಹೆಣ್ಣುಕುದುರೆ ಲೇಡಿ ಅರೇಲಿಯಾ ಅಲ್ಲಿ ಏಳು ಕುದುರೆಯುದ್ದದ ಅಂತರದಿಂದ ಗೆದ್ದಿತು. ಇದಕ್ಕೆ ಎದುರು ದಿಕ್ಕಿನಲ್ಲಿ, ಫ್ರಾನ್ಸಿನಲ್ಲಿ ಪಳಗಿದ ಅರಾಜಿ ಎಂಬ ಕುದುರೆ 1991ರಲ್ಲಿ ಅಮೆರಿಕದ ಚರ್ಚಿಲ್ ಡೌನ್ಸ್‌ನ ಮಣ್ಣಿನಲ್ಲಿ ಬ್ರೀಡರ್ಸ್ ಕಪ್ ಜುವೆನೈಲ್ ಗೆದ್ದು ಬೆರಗು ಹುಟ್ಟಿಸಿತ್ತು. ಆಮೇಲೆ ಮಂಡಿಗಳಿಗೆ ಶಸ್ತ್ರಚಿಕಿತ್ಸೆಯಾಯಿತು. ಮರುವರ್ಷ ಕೆಂಟಕಿ ಡರ್ಬಿಯಲ್ಲಿ ಅದಕ್ಕೆ ಎಂಟನೇ ಸ್ಥಾನ.

ನನಗೆ ಹಿಡಿಸದ್ದು ಔಷಧದ ವಿಚಾರ. ಬಿರುಸಿನ ಓಟದಲ್ಲಿ ಕುದುರೆಯ ಪುಪ್ಪುಸದೊಳಗೆ ರಕ್ತ ಸೋರುವುದುಂಟು. ಅದನ್ನು ತಗ್ಗಿಸಲು ಅಮೆರಿಕದಲ್ಲಿ ರೇಸಿನ ದಿನವೇ ಲ್ಯಾಸಿಕ್ಸ್ ಚುಚ್ಚುವುದು ದಶಕಗಳ ವಾಡಿಕೆ. ಯುರೋಪಿನಲ್ಲಿ ರೇಸಿನ ದಿನ ಅದು ನಿಷಿದ್ಧ. 2021ರಲ್ಲಿ ಕೆಂಟಕಿ ಡರ್ಬಿಯೂ ಅದನ್ನು ಕೈಬಿಟ್ಟಿತು. ತಡವಾಗಿಯಾದರೂ ಸರಿಯಾದ ಹೆಜ್ಜೆ.

ಹಾಗೆಂದು ಗಡಿಯಾರವನ್ನು ಬಿಸಾಡಬೇಕಿಲ್ಲ. ಎಳೆಯ ಕುದುರೆಯ ಮೂಳೆ ವೇಗಕ್ಕೆ ಒಗ್ಗಬೇಕಾದರೆ ಅಲ್ಪ ದೂರದ ವೇಗದ ಓಟ ಬೇಕೇ ಬೇಕು. ಆದರೆ ನನ್ನ ಮತ ಗುಡ್ಡಕ್ಕೇ. ಅಮೆರಿಕದಂತೆ ಬೆಂಗಳೂರಿನಲ್ಲೂ ಲಾಯಗಳು ರೇಸ್‌ಕೋರ್ಸ್‌ನಲ್ಲೇ ಇವೆ, ಬೆಳಗಿನ ಓಟದ ಸಮಯ ಪತ್ರಿಕೆಯಲ್ಲಿ ಬರುತ್ತದೆ. ಕುದುರೆಯ ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟೇ: ಎಷ್ಟು ಸೆಕೆಂಡು ಎಂದು ಕೇಳುವ ಮೊದಲು, ಓಟ ಮುಗಿದ ಮೇಲೆ ಅದು ಹೇಗೆ ನಡೆಯಿತು, ಮೇವು ತಿಂದಿತೇ ಎಂದು ಕೇಳಿ.