ಕಾಡಿನಂಚಿನ ಮನೆಗೆ ಎಲೆಯ ಮರೆ

ಮಲೆನಾಡಿನಲ್ಲಿ ರಸ್ತೆ ಅಗಲವಾದಾಗಲೆಲ್ಲ ಒಂದಷ್ಟು ಮನೆಗಳು ಬಯಲಿಗೆ ಬೀಳುತ್ತವೆ. ಅಲ್ಲಿಯವರೆಗೆ ಪೊದೆಗಳ ಹಿಂದಿದ್ದ ಬಚ್ಚಲು, ಬಟ್ಟೆ ಒಣಹಾಕುವ ತಂತಿ, ಪಾತ್ರೆ ತೊಳೆಯುವ ಕಲ್ಲು ಎಲ್ಲವೂ ಬಸ್ಸಿನ ಕಿಟಕಿಗೆ ಕಾಣತೊಡಗುತ್ತವೆ. ಮನೆಯವರು ಆ ಮಳೆಗಾಲದಲ್ಲೇ ಸೊಪ್ಪಿನ ಬೆಟ್ಟದ (ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ) ಅಂಚಿಗೆ ದಾಸವಾಳದ ಕಡ್ಡಿಗಳನ್ನೋ ಗ್ಲಿರಿಸಿಡಿಯಾ ಗೂಟಗಳನ್ನೋ ಸಾಲಾಗಿ ಊರುತ್ತಾರೆ. ಕೆಲವು ವರ್ಷಗಳಲ್ಲಿ ಗಿಡ ಆಳೆತ್ತರ ದಾಟುತ್ತದೆ. ಆದರೆ ಎಲೆಯೆಲ್ಲ ತಲೆಯ ಮೇಲೆ, ಮರೆ ಬೇಕಾದ ಎತ್ತರದಲ್ಲಿ ಬರೀ ಕಡ್ಡಿ. ಗೊಬ್ಬರ ಸಾಲದೆ ಹೀಗಾಯಿತೆಂದು ಇನ್ನೆರಡು ಬುಟ್ಟಿ ಸುರಿದರೆ ಗಿಡ ಇನ್ನೆರಡು ಅಡಿ ಮೇಲೇರುತ್ತದೆ, ಅಷ್ಟೆ.

ಅಂಥ ದಾಸವಾಳದ ರೆಂಬೆಯೊಂದನ್ನು ಕೈಯಲ್ಲಿ ಹಿಡಿದು ನೋಡಿ. ರಸ್ತೆಯ ಬಿಸಿಲಿಗೆ ಚಾಚಿದ ರೆಂಬೆಯಲ್ಲಿ ಗೆಣ್ಣುಗಳು ಒತ್ತೊತ್ತಾಗಿವೆ. ಬೆಟ್ಟದ ಮರಗಳ ಕಡೆಗಿರುವ ರೆಂಬೆಯಲ್ಲಿ ಒಂದು ಗೆಣ್ಣಿನಿಂದ ಇನ್ನೊಂದಕ್ಕೆ ಬೆರಳುದ್ದ ಅಂತರ. ಪ್ರತಿ ಎಲೆಯ ಕಂಕುಳಲ್ಲೂ ಸಾಸಿವೆ ಕಾಳಿನಷ್ಟು ಪುಟ್ಟ ಮೊಗ್ಗೊಂದು ಕುಳಿತಿದೆ. ಅದು ಚಿಗುರಿದ್ದರೆ ಪಕ್ಕದ ಕೊಂಬೆಯಾಗುತ್ತಿತ್ತು, ಬೇಲಿ ತುಂಬುತ್ತಿತ್ತು.

ಅದು ಚಿಗುರದಿರಲು ಕಾರಣ ಬೆಳಕಿನ ಬಣ್ಣದಲ್ಲಿದೆ. ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಅದರ ಪಕ್ಕದ, ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಕಡುಗೆಂಪನ್ನು ಬಹುಪಾಲು ಹಾಯಿಸಿಬಿಡುತ್ತದೆ, ಇಲ್ಲವೇ ಹಿಂದಕ್ಕೆ ಚಿಮ್ಮಿಸುತ್ತದೆ. ಬಯಲಿನ ಬಿಸಿಲಿನಲ್ಲಿ ಕೆಂಪಿಗೂ ಕಡುಗೆಂಪಿಗೂ ಇರುವ ಅನುಪಾತ ಸುಮಾರು 1.2. ದಟ್ಟ ಮರಗಳಡಿಯಲ್ಲಿ ಅದು 0.2ಕ್ಕಿಂತ ಕೆಳಗೂ ಇಳಿಯುತ್ತದೆ. ಈ ಅನುಪಾತವನ್ನು ಅಳೆಯುವ ವರ್ಣದ್ರವ್ಯ ಗಿಡದಲ್ಲೇ ಇದೆ, ಹೆಸರು ಫೈಟೊಕ್ರೋಮ್. ಕೆಂಪು ಬಿದ್ದರೆ ಒಂದು ರೂಪಕ್ಕೆ, ಕಡುಗೆಂಪು ಬಿದ್ದರೆ ಇನ್ನೊಂದು ರೂಪಕ್ಕೆ ಅದು ತಿರುಗುತ್ತದೆ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಲೆಟ್ಯೂಸ್ ಬೀಜಗಳ ಮೇಲೆ ಈ ಎರಡು ಬೆಳಕುಗಳನ್ನು ಸರದಿಯಂತೆ ಹಾಯಿಸಿ, ಮೊಳಕೆಯನ್ನು ಬೇಕೆಂದಾಗ ಎಬ್ಬಿಸಿ ಬೇಡವೆಂದಾಗ ತಡೆದು ತೋರಿಸಿದರು.

ನನಗೆ ಇನ್ನೂ ಬೆರಗೆನಿಸುವುದು 1990ರಲ್ಲಿ ಅರ್ಜೆಂಟೀನಾದ ಕಾರ್ಲೋಸ್ ಬಯ್ಯಾರೆ ಮತ್ತು ಸಂಗಡಿಗರು ಪ್ರಕಟಿಸಿದ ಶೋಧ. ಪಕ್ಕದ ಗಿಡದ ನೆರಳು ಇನ್ನೂ ತನ್ನ ಮೇಲೆ ಬಿದ್ದಿರದಿದ್ದರೂ, ಅದರ ಎಲೆಗಳಿಂದ ಚಿಮ್ಮಿ ಬಂದ ಕಡುಗೆಂಪನ್ನು ಗ್ರಹಿಸಿಯೇ ಗಿಡ ಉದ್ದವಾಗತೊಡಗುತ್ತದೆ. ಕಾಡಿನ ಮಗ್ಗುಲಿಗೆ ನೆಟ್ಟ ನಮ್ಮ ದಾಸವಾಳದ ಪಾಡೂ ಇದೇ. ಮೇಲಿಂದ ಬಿಸಿಲಿದ್ದರೂ ಪಕ್ಕದಿಂದ ಕಾಡಿನ ಸುದ್ದಿ ಬರುತ್ತಲೇ ಇರುತ್ತದೆ. ಪಕ್ಕದ ಮೊಗ್ಗುಗಳನ್ನು ಮಲಗಿಸಿ ಅದು ಮೇಲಕ್ಕೆ ಓಡುತ್ತದೆ.

ಮೊಗ್ಗುಗಳನ್ನು ಮಲಗಿಸುವುದರಲ್ಲಿ ತುದಿಯ ಚಿಗುರಿನಲ್ಲಿ ಹುಟ್ಟಿ ಕೆಳಗಿಳಿಯುವ ಆಕ್ಸಿನ್ ಹಾರ್ಮೋನಿನ ಕೈ ದೊಡ್ಡದು. ತುದಿ ಕತ್ತರಿಸಿದರೆ ಪಕ್ಕದ ಮೊಗ್ಗುಗಳು ಏಳುತ್ತವೆ. ಕತ್ತರಿಸಿದ ಜಾಗಕ್ಕೆ ಆಕ್ಸಿನ್ ಹಚ್ಚಿದರೆ ಏಳುವುದಿಲ್ಲ. ಥಿಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1930ರ ದಶಕದಲ್ಲೇ ಇದನ್ನು ತೋರಿಸಿದ್ದರು. ಹಾಗಾಗಿ ಬೇಲಿಗೆ ಮೊದಲ ಕತ್ತರಿ ಬೀಳಬೇಕಾದ್ದು ಮೊಣಕಾಲೆತ್ತರದಲ್ಲಿ. ನಾವು ಕನಿಕರಪಟ್ಟು ಆಳೆತ್ತರಕ್ಕೆ ಬಿಟ್ಟು ಆಮೇಲೆ ಸವರುತ್ತೇವೆ, ಕವಲು ಅಲ್ಲಿಂದ ಮೇಲೆಯೇ ಒಡೆಯುತ್ತದೆ. ಸವರುವಾಗ ಬುಡ ಅಗಲ, ನೆತ್ತಿ ಕಿರಿದು ಇರುವಂತೆ ನೋಡಿಕೊಂಡರೆ ಕೆಳಗಿನ ಎಲೆಗೂ ಬೆಳಕು ಸಿಗುತ್ತದೆ. ಕಾಫಿ ಸೀಮೆಯಲ್ಲಿ ಮರಗಸಿ ಮಾಡಿ ಮೇಲಿನ ನೆರಳನ್ನು ಹದಕ್ಕೆ ತರುವಂತೆ, ಬೆಟ್ಟದ ಕಡೆಯ ಒಂದೆರಡು ಕೊಂಬೆ ಇಳಿಸುವುದೂ ಒಳ್ಳೆಯದು.

ಆದರೂ ಬಿಸಿಲಿನ ಗಿಡವನ್ನು ನೆರಳಿನಂಚಿಗೆ ತಂದು ಕತ್ತರಿಯಿಂದಲೇ ಪಳಗಿಸಲು ಹೋಗುವುದಕ್ಕಿಂತ, ನೆರಳಿನಲ್ಲೇ ಹುಟ್ಟಿ ಬೆಳೆಯುವ ಜಾತಿಯನ್ನು ಆರಿಸುವುದು ಜಾಣತನ. ಅವು ಕಡಿಮೆ ಬೆಳಕಿಗೆ ಗಾಬರಿಯಾಗಿ ಉದ್ದವಾಗುವುದಿಲ್ಲ, ಕೆಳಗಿನ ಎಲೆಗಳನ್ನು ಬಹುಕಾಲ ಉಳಿಸಿಕೊಳ್ಳುತ್ತವೆ. ಉತ್ತರ ಕನ್ನಡದ ಕಡೆ ನನ್ನ ಮೊದಲ ಆಯ್ಕೆ ಮುರುಗಲು. ಪಶ್ಚಿಮ ಘಟ್ಟದ್ದೇ ಮರ, ವರ್ಷವಿಡೀ ಹಸಿರು, ಕೊಂಬೆಗಳು ಜೋತು ಬಿದ್ದು ಬುಡದವರೆಗೆ ಮರೆ ಮಾಡುತ್ತವೆ. ಹೆಣ್ಣು ಗಿಡವಾದರೆ ಬೇಸಗೆಯ ಪಾನಕಕ್ಕೆ ಹಣ್ಣು, ಗಂಡಾದರೆ ಮರೆಯೊಂದೇ. ಬೆಳವಣಿಗೆ ನಿಧಾನ, ಅದೊಂದೇ ಕೊರತೆ. ಅದರ ಮುಂದಿನ ಸಾಲಿಗೆ ಆಡುಸೋಗೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರಾದರೂ ಇದನ್ನು ಆಡು ಮುಟ್ಟುವುದಿಲ್ಲ, ವಾಸಿಸಿನ್ ಎಂಬ ಕಹಿ ರಾಸಾಯನಿಕ ಅದರ ಕಾವಲು. ಕಡ್ಡಿ ಊರಿದರೂ ಬದುಕುತ್ತದೆ, ಅಗಲ ಎಲೆ, ಕಡಿದಷ್ಟೂ ಚಿಗುರು. ಕಿಸ್ಕಾರ, ಅಂದರೆ ಕರಾವಳಿಯವರ ಕೇಪಳ, ಅರೆನೆರಳಿನಲ್ಲಿ ಹೂ ಕಡಿಮೆ ಕೊಟ್ಟರೂ ಎಲೆ ಉದುರಿಸುವುದಿಲ್ಲ. ತೇವವಿರುವಲ್ಲಿ ಕಾಫಿ ಗಿಡವೂ ಚೆನ್ನ, ಅದರ ಮೂಲವೇ ಆಫ್ರಿಕಾದ ಕಾಡಿನ ಕೆಳಅಂತಸ್ತು.

ಗ್ಲಿರಿಸಿಡಿಯಾ ಗೊಬ್ಬರಕ್ಕೆ ಅತ್ಯುತ್ತಮ, ಮರೆಗಲ್ಲ. ಬೇಸಗೆಯ ಹೊತ್ತಿಗೆ ಎಲೆಯುದುರಿಸಿ ಬೋಳಾಗುತ್ತದೆ. ಆನೆ ಓಡಾಡುವ ಕೊಡಗು, ಸಕಲೇಶಪುರದ ಕಡೆ ಮನೆಯ ಮಗ್ಗುಲಿಗೆ ಹಲಸು ಬೇಡ, ಹಣ್ಣಿನ ವಾಸನೆ ಹಿಡಿದು ಆನೆ ಅಂಗಳಕ್ಕೇ ಬರುತ್ತದೆ. ಇನ್ನು ಲಂಟಾನವನ್ನು ಯಾರೂ ಬೇಲಿಗೆ ನೆಡಬಾರದು. ಅಮೆರಿಕ ಖಂಡಗಳ ಮೂಲದ ಈ ಗಿಡವನ್ನು ನಮ್ಮ ದೇಶಕ್ಕೆ ತಂದದ್ದೇ ಹೂವಿನ ಚಂದಕ್ಕೆ, ಬೇಲಿಗೆ. ಹಕ್ಕಿಗಳು ಅದರ ಹಣ್ಣು ತಿಂದು ಬೀಜ ಹರಡಿದವು. ಇವತ್ತು ಬಂಡೀಪುರ, ನಾಗರಹೊಳೆಗಳಲ್ಲಿ ಜಿಂಕೆ ಮೇಯಬೇಕಾದ ಹುಲ್ಲಿನ ಜಾಗವನ್ನು ಅದು ನುಂಗಿ ಕೂತಿದೆ.

ನೆಡಲು ಮೃಗಶಿರ ಮಳೆಯೇ ಸರಿಯಾದ ಕಾಲ. ಒಂದೇ ಗೆರೆಯಲ್ಲಿ ಬೇಡ. ಬೆಟ್ಟದ ಕಡೆ ಹತ್ತು ಹನ್ನೆರಡು ಅಡಿಗೊಂದು ಮುರುಗಲು, ಅದರ ಸಂದಿಗೆ ಎದುರಾಗಿ ಮೂರು ಮೂರು ಅಡಿಗೆ ಆಡುಸೋಗೆ. ಪೊದೆಯಡಿ ಹಾವು ತಂಗಬಹುದು, ಗೋಡೆಯಿಂದ ಆರಡಿಯಾದರೂ ದೂರವಿರಲಿ. ಬೆಟ್ಟದ ದೊಡ್ಡ ಮರಗಳ ಬೇರು ಗುಂಡಿಯವರೆಗೂ ಬಂದು ನೀರು ಹೀರುತ್ತದೆ, ಹಾಗಾಗಿ ಮೊದಲ ಬೇಸಗೆಯಲ್ಲಿ ಬುಡಕ್ಕೆ ದಪ್ಪನಾಗಿ ದರಗು ಮುಚ್ಚಿ, ವಾರಕ್ಕೊಮ್ಮೆ ಕೊಡ ತುಂಬ ನೀರು ಹಾಕಬೇಕು.